ಮುನ್ನೂರು ರೂಪಾಯಿ ಮುರಿದುಕೊಂಡ ಗೀರು

ಆ ಹಳೆಯ ಫೋನಿಗೆ ನಾನು ಕಟ್ಟಿದ ಬೆಲೆ ಎರಡೂವರೆ ಸಾವಿರ. ಕೊಟ್ಟದ್ದು ಎರಡು ಸಾವಿರದ ಇನ್ನೂರು. ಮುನ್ನೂರು ಮುರಿದುಕೊಂಡದ್ದು ಕ್ಯಾಮೆರಾದ ಹೊರಗಾಜಿನ ಮೇಲಿದ್ದ ಒಂದು ಗೀರಿಗೆ. ನಮ್ಮ ಸಾಲಿನ ಯಾವ ಅಂಗಡಿಗೆ ಹೋದರೂ ಅಷ್ಟೇ ಮುರಿಯುತ್ತಾರೆ, ಅದರಲ್ಲಿ ಮೋಸವಿಲ್ಲ. ಆದರೂ ನನ್ನ ವ್ಯಾಪಾರದಲ್ಲಿ ಅದಕ್ಕಿಂತ ದುಬಾರಿಯಾದ ಚೌಕಾಸಿ ಇನ್ನೊಂದಿಲ್ಲ. ಬೆಲೆ ತೆತ್ತವಳು ಮಾತ್ರ ಬೇರೆಯವಳು.

ಕಳೆದ ವರ್ಷ ಪೊಂಗಲ್ ಮುಗಿದ ಮೇಲಿನ ಮಾತು. ಧರ್ಮಪುರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಮೊಬೈಲ್ ಅಂಗಡಿ. ಹೊಸದು ಮಾರುವುದು, ಹಳೆಯದನ್ನು ಎಕ್ಸ್‌ಚೇಂಜ್ ತಗೊಳ್ಳುವುದು, ರಿಪೇರಿ. ಬಸ್ಸು ಹತ್ತಿ ಚಾರ್ಜರ್ ಮಾರುತ್ತಿದ್ದವನು ಸ್ವಂತ ಶಟರ್ ಎಳೆಯುವ ಮಟ್ಟಕ್ಕೆ ಬಂದದ್ದು ಬರೀ ಬಾಯಿಂದ. ಫೋನಿನಲ್ಲೇ ಫೋಟೋ ತೆಗೆಯುವ ಹುಚ್ಚಿರುವ ಇಪ್ಪತ್ತು ಜನರನ್ನು ಸೇರಿಸಿ ಭಾನುವಾರದ ಕೂಟವೊಂದನ್ನೂ ನಡೆಸುತ್ತಿದ್ದೆ. ಒಳ್ಳೆಯ ಚಿತ್ರ ಬಂದರೆ ನನ್ನ ಖರ್ಚಿನಲ್ಲೇ ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ತಗುಲಿಸುತ್ತಿದ್ದೆ. ಅದರಲ್ಲಿ ಕಲೆಯ ಪ್ರೀತಿ ಎಷ್ಟು, ಫೋನು ಮಾರುವ ಆಸೆ ಎಷ್ಟು ಅಂತ ಕೇಳಬೇಡಿ, ಎರಡೂ ಇತ್ತು.

ಕೂಟದಲ್ಲಿ ಮಂಜುಳಾ ಅಂತ ಒಬ್ಬಳು. ನಲ್ಲಂಪಳ್ಳಿ ಕಡೆಯ ಸಾಬಕ್ಕಿ ಮಿಲ್ಲಿನಲ್ಲಿ ಲಾರಿ ತೂಕ ಹಾಕುವ ಕೆಲಸ. ನಮ್ಮ ಹಾಗೇ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬೆಳಗ್ಗೆ ಹೆಂಗಸರು ಕಣದಲ್ಲಿ ಹಸಿ ಸಾಬಕ್ಕಿ ಹರಡುವುದನ್ನು ಅವಳು ಎದುರು ಬಿಸಿಲಿಗೇ ಫೋನು ಹಿಡಿದು ತೆಗೆಯುತ್ತಿದ್ದಳು. ಅವಳ ಚಿತ್ರದಲ್ಲಿ ಸೂರ್ಯನಿಂದ ಒಂದು ಬೆಳಕಿನ ಎಳೆ ಓರೆಯಾಗಿ ಇಳಿದು, ಬಗ್ಗಿದ ಹೆಂಗಸಿನ ಬೆನ್ನಿನ ಮೇಲೆ ಸರಿಯಾಗಿ ಬಂದು ಕೂರುತ್ತಿತ್ತು, ಮೇಲಿನಿಂದ ಯಾರೋ ಹಗ್ಗ ಇಳಿಬಿಟ್ಟ ಹಾಗೆ. ನನ್ನ ಗೋಡೆಯ ಮೇಲೆ ಅವಳವೇ ಮೂರು ಇದ್ದವು.

ಅವಳು ಆ ದಿನ ಬಂದದ್ದು ಬ್ಯಾಟರಿ ಬದಲಾಯಿಸೋಕೆ. ಅಷ್ಟು ಮಾಡಿ ಕಳಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಈ ಡಬ್ಬಾಗೆ ಬ್ಯಾಟ್ರಿ ಬೇರೆ ಕೇಡು. ಐವತ್ತು ಮೆಗಾಪಿಕ್ಸೆಲ್ಲು ತಗೋ ತಾಯಿ, ನಿನ್ನ ಕೈಗೆ ಅದೇ ಸರಿ" ಅಂದೆ.

"ಇದ್ರಲ್ಲೇ ಚೆನ್ನಾಗಿ ಬತ್ತೈತಲ್ಲಣ್ಣಾ."

"ಇದ್ರಲ್ಲೇ ಇಷ್ಟು ಬಂದ್ರೆ ಅದ್ರಲ್ಲಿ ಎಷ್ಟು ಬರ್ಬೇಡ?"

ಅವಳು ನಕ್ಕಳು, ನಾನು ಗೆದ್ದೆ. ಹಳೆಯ ಫೋನನ್ನು ಬೆಳಕಿಗೆ ಹಿಡಿದು ಗೀರು ತೋರಿಸಿದೆ. "ನೋಡು, ಗಾಜೇ ಓಗೈತೆ. ಮುನ್ನೂರು ಕಮ್ಮಿ."

"ಎನ್ನಣ್ಣಾ ನೀನು! ಫೋಟೋ ನೋಡಿ ಗೋಡೆಗೆ ಆಕ್ಕೊಂಡಿದ್ದೀಯ, ಗೀರು ನೋಡಿ ಕಾಸು ಕಮ್ಮಿ ಮಾಡ್ತೀಯ."

ತಮಾಷೆ ಅಂತ ನಾನೂ ನಕ್ಕೆ. ಅವಳ ಫೋಟೋಗಳನ್ನೆಲ್ಲ ಕಾರ್ಡಿಗೆ ಹಾಕಿಕೊಟ್ಟೆ, ಆ ವಿಷಯದಲ್ಲಿ ನಾನು ಜಾಗ್ರತೆಯ ಮನುಷ್ಯ. ಮಾರನೆಯ ದಿನವೇ ನನ್ನ ಮೆಕ್ಯಾನಿಕ್ ಬಾಷಾನಿಗೆ ಹೇಳಿ ಗಾಜು ಬದಲಾಯಿಸಿ, ಕಾರಿಮಂಗಲಂನ ಗಿರಾಕಿಯೊಬ್ಬನಿಗೆ ಆ ಫೋನನ್ನು ಮಾರಿಬಿಟ್ಟೆ.

ಎರಡು ವಾರಕ್ಕೆ ಮಂಜುಳಾ ಬಂದಳು. ಮುಖ ಅರಳಿತ್ತು, ಜೊತೆಗೆ ದಿಗಿಲೂ ಇತ್ತು. ಮೊಬೈಲ್ ಛಾಯಾಗ್ರಾಹಕರಿಗೆ ನೆರವು ಕೊಡುವ ಚೆನ್ನೈನ ಸಂಸ್ಥೆಯೊಂದಕ್ಕೆ ಆ ಮೂರು ಚಿತ್ರ ಕಳಿಸಿದ್ದಳಂತೆ. ಅವರು ಮೆಚ್ಚಿ, ಇದೇ ಬಗೆಯ ಹನ್ನೆರಡನ್ನು ಹೊಸದಾಗಿ ತೆಗೆದು ಹದಿನೈದು ದಿನದೊಳಗೆ ಕಳಿಸಲು ಹೇಳಿದ್ದರು. ಒಪ್ಪಿಗೆಯಾದರೆ ಸೇಲಂನಲ್ಲಿ ಅವಳೊಬ್ಬಳದೇ ಪ್ರದರ್ಶನ, ಮೇಲೆ ಒಂದು ವರ್ಷ ತಿಂಗಳು ತಿಂಗಳು ಹಣ. ಮಿಲ್ಲಿಗೆ ಅರ್ಧ ದಿನ ಹೋಗಿ ಉಳಿದರ್ಧ ಫೋಟೋ ತೆಗೆಯಬಹುದು.

"ಆದ್ರೆ ಬಿಸಿಲು ಇಳೀತಾ ಇಲ್ಲಣ್ಣಾ" ಅಂದಳು. "ಅದೇ ಕಣ, ಅದೇ ಒತ್ತು. ಕ್ಲೀನಾಗಿ ಬತ್ತೈತೆ. ಸತ್ತಂಗೆ ಐತೆ."

ನಾನು ಮೇಷ್ಟ್ರಾದೆ. ಪ್ರೋ ಮೋಡ್ ಅಂದೆ, ಎಕ್ಸ್‌ಪೋಷರ್, ಅಂದರೆ ಒಳಗೆ ಬಿಡುವ ಬೆಳಕನ್ನು, ಇಳಿಸು ಅಂದೆ. ಅವಳು ಹೋದ ಮೇಲೆ ಗೋಡೆಯ ಮೂರು ಪ್ರಿಂಟುಗಳ ಮುಂದೆ ನಿಂತು ನೋಡಿದೆ. ಮೂರರಲ್ಲೂ ಎಳೆ ಒಂದೇ ದಪ್ಪ, ಒಂದೇ ಬಗೆಯ ಸಣ್ಣ ಕವಲು. ಬಿಸಿಲು ದಿನಾ ಒಂದೇ ಥರ ಕವಲೊಡೆಯುವುದಿಲ್ಲ. ಗಾಜಿನ ಮೇಲೆ ಗೀರಿದ್ದರೆ ಬೆಳಕಿನ ಚುಕ್ಕೆ ಅದಕ್ಕೆ ಅಡ್ಡಲಾಗಿ ಎಳೆಯಾಗಿ ಹರಡುತ್ತದೆ. ಇದು ನನ್ನ ಕಸುಬಿನವರಿಗೆಲ್ಲ ಗೊತ್ತು. ಗೊತ್ತಿದ್ದೇ ಅದನ್ನು ಕೆಡುಕು ಅಂತ ಬರೆದುಕೊಳ್ಳುತ್ತೇವೆ. ಅವಳು ಫೋನನ್ನು ಓರೆ ಮಾಡಿ ಹಿಡಿಯುತ್ತಿದ್ದದ್ದು ಆ ಎಳೆಯನ್ನು ಬೇಕಾದ ಬೆನ್ನಿಗೆ ಕೂರಿಸಲು.

ಆಗಲೇ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಫೋನು ವಾಪಸ್ ತಂದು ಕೈಗಿಟ್ಟು, ಆಮೇಲೆ ಹೇಳಿ ದೊಡ್ಡವನಾಗೋಣ ಅಂದುಕೊಂಡೆ. ಕಾರಿಮಂಗಲಂನವನು ಊರಲ್ಲಿರಲಿಲ್ಲ. ಕಾದೆ. ಅಷ್ಟರವರೆಗೆ ಮಂಜುಳಾ ದಿನಾ ಫೋನು ಮಾಡಿ ಯಾವ ಸೆಟ್ಟಿಂಗು ಅಂತ ಕೇಳುವಳು, ನಾನು ಸುಮ್ಮನೆ ಒಂದೊಂದು ಹೇಳುವೆ. ಅವಳು ಅದನ್ನೆಲ್ಲ ನಂಬಿ ಬೆಳಗುಗಳನ್ನು ಕಳೆದಳು.

ಕೊನೆಗೆ ಅವನು ಕೇಳಿದಷ್ಟು ಕೊಟ್ಟು ಫೋನು ತಂದೆ. ಆದರೆ ಗಾಜು ಹೊಸದಲ್ಲವೇ! ಹಳೆಯ ಗಾಜಿಗಾಗಿ ಬಾಷಾನ ಕಸದ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಇಬ್ಬರೂ ಕೆದಕಿದೆವು.

"ಅಣ್ಣಾ, ವಾರಕ್ಕೊಂದ್ಸಲ ಖಾಲಿ ಮಾಡು ಅಂತ ಬೈಯೋನೇ ನೀನು" ಅಂದ ಬಾಷಾ.

ಹೊಸ ಗಾಜು ತರಿಸಿ ಬ್ಲೇಡಿನಿಂದ ಗೀರಿದೆವು. ಒಂದರಲ್ಲಿ ಮಂಜು ಕವಿದ ಹಾಗೆ ಬಂತು, ಒಂದರಲ್ಲಿ ಪೊರಕೆಯ ಹಾಗೆ. ಮೂರನೆಯದನ್ನು ಹಾಕಿಕೊಂಡು ಮಿಲ್ಲಿನ ಕಣಕ್ಕೇ ಹೋಗಿ ಎಲ್ಲಾ ಹೇಳಿದೆ. ಅವಳು ಫೋನು ಎತ್ತಿ ಸೂರ್ಯನಿಗೆ ಹಿಡಿದಳು, ಅತ್ತ ಇತ್ತ ಓರೆ ಮಾಡಿದಳು, ಇಳಿಸಿದಳು.

"ಇದು ನೀನು ಗೀರಿದ್ದು" ಅಂದಳು. "ಎಷ್ಟು ದಿನದಿಂದ ಗೊತ್ತು ನಿಂಗೆ?"

"ಹತ್ತು ದಿನ."

"ಹತ್ತು ದಿನ ಮುಂಚೆ ಹೇಳಿದ್ರೆ ನಾನೇ ಗೀರಿ ನೋಡ್ತಿದ್ನಲ್ಲಣ್ಣಾ. ಎಲ್ಲಿ ಬೇಕು ಅಂತ ನನ್ನ ಕೈಗೆ ಗೊತ್ತಿತ್ತು."

ಗಡುವಿಗೆ ಉಳಿದದ್ದು ಎರಡೇ ದಿನ. ಆ ಗಾಜು ಹೋಯಿತು, ಇನ್ನು ಅಂಥ ಚಿತ್ರ ಬರುವುದಿಲ್ಲ ಅಂತ ಅವಳು ಚೆನ್ನೈನವರಿಗೆ ಇದ್ದದ್ದು ಇದ್ದಹಾಗೆ ಬರೆದು ಕಳಿಸಿದಳು. ವರ್ಷದ ನೆರವು ಬೇರೆ ಯಾರಿಗೋ ಹೋಯಿತು. ಸೇಲಂನಲ್ಲಿ ಹಲವರ ಪ್ರದರ್ಶನದ ನಡುವೆ ಅವಳ ಮೂರು ಚಿತ್ರಕ್ಕೆ ಜಾಗ ಸಿಕ್ಕಿತು. ನಾನೂ ಹೋಗಿದ್ದೆ. ಒಬ್ಬರು ಬಹಳ ಹೊತ್ತು ನಿಂತು ನೋಡಿ, "ಈ ಬೆಳಕು ಯಾವ ಆಪ್‌ನಲ್ಲಿ ಬರುತ್ತಮ್ಮಾ?" ಅಂತ ಕೇಳಿದರು.

ಮಂಜುಳಾ ನನ್ನ ಕಡೆ ಕೈ ತೋರಿಸಿದಳು. "ಇವರ್ನ ಕೇಳಿ ಸಾರ್. ಅದಕ್ಕೆ ಬೆಲೆ ಕಟ್ಟಿದ್ದು ಇವರೇ."

ಅವಳು ಈಗಲೂ ಕೂಟಕ್ಕೆ ಬರುತ್ತಾಳೆ. ಕಣದ ಚಿತ್ರ ಮಾತ್ರ ತೆಗೆಯುವುದಿಲ್ಲ.

ನೀವು ಫೋನಿನಲ್ಲಿ ಫೋಟೋ ತೆಗೆಯುವವರಾದರೆ ನನ್ನಂಥವನ ಬಾಯಿಗೆ ಬೀಳುವ ಮುಂಚೆ ಒಂದು ಕೆಲಸ ಮಾಡಿ. ಹಳೆಯದು, ಹೊಸದು ಎರಡನ್ನೂ ನೀವು ಯಾವಾಗಲೂ ತೆಗೆಯುವ ಜಾಗಕ್ಕೆ ಒಯ್ದು, ಅದೇ ಬಿಸಿಲಿನಲ್ಲಿ ಒಂದೊಂದು ತೆಗೆದು ನೋಡಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲಾ ಫೋನೂ ಚೆನ್ನಾಗೇ ಇರುತ್ತವೆ. ಬ್ಯಾಟರಿಗೆ ಅಂತ ಬಂದಿದ್ದರೆ ಬ್ಯಾಟರಿ ಹಾಕಿಸಿಕೊಂಡು ಮನೆಗೆ ಹೋಗಿ. ಇನ್ನು ನನ್ನ ಕಸುಬಿನವರಿಗೆ: ಗೀರಿಗೆ ಕಾಸು ಮುರಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಗಾಜು ತೆಗೆದ ದಿನ ಆ ಹಳೆಯ ಚೂರನ್ನು ಒಂದು ಕಾಗದದಲ್ಲಿ ಸುತ್ತಿ, ಫೋನು ಕೊಟ್ಟವರ ಕೈಗೇ ಕೊಡಿ. ಬೇಡವಾದರೆ ಅವರೇ ಬಿಸಾಡಲಿ.