ಮೀರಾಬಾಯಿಯ ಹೂಂ

ಹುಮನಾಬಾದ ಬಸ್ ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ನನ್ನ ಟೈಪಿಂಗ್ ಅಂಗಡಿ. ಮದುವೆ ಕಾರ್ಡು, ಬಾಡಿಗೆ ಕರಾರು, ಪಿಂಚಣಿ ಅರ್ಜಿ, ಏನು ತಂದರೂ ಟೈಪ್ ಮಾಡಿಕೊಡುತ್ತೇನೆ. ಹದಿನಾರು ವರ್ಷವಾಯಿತು. ಈಚೆಗೆ ಹೊಸ ಪೀಡೆಯೊಂದು ಹತ್ತಿಕೊಂಡಿದೆ, ಆತ್ಮಕಥೆ. ಅರವತ್ತು ತುಂಬಿದವರಿಗೆಲ್ಲ ತಮ್ಮೊಳಗೆ ಒಂದು ಸತ್ಯ ಕಂಡುಬಿಡುತ್ತದೆ. ಅದನ್ನು ಮುನ್ನೂರು ಪ್ರತಿ ಮಾಡಿ ಹಂಚದಿದ್ದರೆ ಯುವಜನಾಂಗ ಹಾಳಾಗುತ್ತದಂತೆ. ಆ ಯುವಜನಾಂಗ ನನ್ನ ಅಂಗಡಿಯ ಮುಂದೆಯೇ ಮೊಬೈಲ್ ನೋಡುತ್ತ ಬಸ್ಸಿಗೆ ಕಾಯುತ್ತಿರುತ್ತದೆ. ಯಾರಾದರೂ ನಮಗೆ ಪ್ರೇರಣೆ ಕೊಡಿ ಎಂದು ಅದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಹೋದ ವರ್ಷ ಬಕ್ಕಪ್ಪ ಸಾಹುಕಾರರು ಬಂದರು. ಬಸವಕಲ್ಯಾಣದಲ್ಲಿ ದೊಡ್ಡ ಬಟ್ಟೆ ಅಂಗಡಿ ಅವರದು. ಮೂರು ದಪ್ಪ ನೋಟುಬುಕ್ಕು ನನ್ನ ಮೇಜಿನ ಮೇಲೆ ಇಟ್ಟು, "ಕಲ್ಯಾಣದಾಗ ಇದ್ದು ನಾಕು ಸಾಲು ಬರೀಲಿಲ್ಲಂದ್ರ ಹ್ಯಾಂಗ, ತಹಸೀನ್ ಬೇಟಿ?" ಅಂದರು. ನಾಕು ಸಾಲಲ್ಲ, ಹದಿನಾಲ್ಕು ಅಧ್ಯಾಯ. ಹೆಸರು 'ಕಗ್ಗತ್ತಲಿಂದ ಕಲ್ಯಾಣಕ್ಕೆ'. ಕಲ್ಯಾಣದಲ್ಲೇ ಟೈಪ್ ಮಾಡಿಸಿದರೆ ಬಿಡುಗಡೆಗೆ ಮೊದಲೇ ಸುದ್ದಿ ಒಡೆಯುತ್ತದೆ ಎಂದು ಹುಮನಾಬಾದಿಗೆ ತಂದಿದ್ದರು. ಈ ಗುಟ್ಟು ಕದಿಯಲು ಇಡೀ ಕಲ್ಯಾಣ ತುದಿಗಾಲಲ್ಲಿ ನಿಂತಿತ್ತು ನೋಡಿ!

ನಾನು ಟೈಪ್ ಮಾಡಿದೆ. ಬೇಮಳಖೇಡದ ಬಡ ಮನೆ, ಹರಕು ಅಂಗಿ, ಹಸಿದ ಹೊಟ್ಟೆ, ಹೈಸ್ಕೂಲಿಗೆ ಮೈಲಿಗಟ್ಟಲೆ ನಡಿಗೆ. ನಾಲ್ಕನೇ ಅಧ್ಯಾಯಕ್ಕೆ ಬರುವಾಗ ನನಗೂ ಕಣ್ಣು ತೇವವಾಯಿತು, ಸುಳ್ಳು ಹೇಳಲಾರೆ. "ನಮ್ಮ ಮನೆಯಲ್ಲಿ ಅಕ್ಷರದ ಮುಖ ಕಂಡ ಮೊದಲಿಗ ನಾನೇ. ಕಲಿಸುವವರು ಯಾರೂ ಇರಲಿಲ್ಲ. ಹೊಲದ ಬದುವಿನ ಮೇಲೆ ಒಬ್ಬನೇ ಕುಳಿತು ಓದುತ್ತಿದ್ದೆ. ನನ್ನ ಗುರು ನನ್ನ ಅಂತರಾತ್ಮ" ಎಂದು ಬರೆದಿದ್ದರು.

ಆ ಅಂತರಾತ್ಮ ಪಕ್ಕದಲ್ಲೇ ಎಮ್ಮೆ ಕಾಯುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ತಿಳಿದದ್ದು ಹೀಗೆ. ಕರಡು ಪ್ರತಿಯನ್ನು ತರಲು ಸಾಹುಕಾರರು ತಮ್ಮ ಅಕ್ಕ ಮೀರಾಬಾಯಿಯನ್ನು ಕಳಿಸಿದರು. ಮಗನನ್ನು ಕಳಿಸಿದರೆ ಬಸ್ಸಿನಲ್ಲೇ ಓದಿಬಿಡುತ್ತಾನೆ, ಅಕ್ಕನಾದರೆ ಭದ್ರ, ಅವಳಿಗೆ ಓದಲು ಎಲ್ಲಿ ಬರುತ್ತದೆ ಎಂಬುದು ಅವರ ಲೆಕ್ಕ. ತನ್ನ ಕಥೆಯನ್ನು ಬರೆದು ಬರೆದು, ಸ್ವಂತ ಅಕ್ಕ ಶಾಲೆಗೆ ಹೋದದ್ದನ್ನೇ ಆ ಮನುಷ್ಯ ಮರೆತುಬಿಟ್ಟಿದ್ದ.

ಮೀರಾಬಾಯಿಗೆ ಅರವತ್ತೈದರ ಮೇಲೆ. ಸಣ್ಣ ದೇಹ, ತಲೆತುಂಬ ಸೆರಗು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಕರಡನ್ನು ಚೀಲಕ್ಕೆ ಹಾಕಿಕೊಂಡು ಹೋಗುವ ಬದಲು ನನ್ನ ಸ್ಟೂಲಿನ ಮೇಲೆ ಕೂತು, ಬೆರಳಿಟ್ಟು ಓದಲು ಶುರುಮಾಡಿದಳು. ಎರಡು ಬಸ್ಸು ಬಿಟ್ಟಳು. ಮೂರನೆಯದೂ ಹೋಯಿತು.

"ಇದರಾಗ ನನ್ನ ಹೆಸರು ಎಷ್ಟು ಕಡೆ ಅದ, ನೋಡಿ ಹೇಳ್ತೀಯೇನವ್ವಾ?" ಎಂದು ಕೇಳಿದಳು.

ಕಂಪ್ಯೂಟರಿನಲ್ಲಿ ಹುಡುಕಿದೆ. ಒಂದೇ ಕಡೆ ಇತ್ತು, ಮನೆಮಂದಿಯ ಫೋಟೋದ ಕೆಳಗೆ. 'ಎಡದಿಂದ ಐದನೆಯವರು'.

"ಹೋಗಲಿ ಬಿಡು, ಹೆಸರು ಯಾರಿಗೆ ಬೇಕಾಗ್ಯಾದ," ಅಂದಳು. ಆಮೇಲೆ ನಾಲ್ಕನೇ ಅಧ್ಯಾಯದ ಆ ಸಾಲಿನ ಮೇಲೆ ಬೆರಳಿಟ್ಟಳು. "ಆದ್ರ ಇದೊಂದು ಸುಳ್ಳದ. ನಮ್ಮ ಮನ್ಯಾಗ ಮೊದಲ ಸಾಲಿ ಕಲತಾಕಿ ನಾನು. ಏಳನೇ ಇಯತ್ತೆ ಪಾಸಾಗೀನಿ. ಇಡೀ ವರ್ಗಕ್ಕ ಪಹಿಲಾ ನಂಬರ್."

ಚಹಾ ತರಿಸಿದೆ. ಮೀರಾಬಾಯಿ ಹೇಳಿದಳು. ಏಳನೆಯದು ಮುಗಿದ ಮೇಲೆ ಅವ್ವ ಅಪ್ಪ ಅವಳನ್ನು ಶಾಲೆ ಬಿಡಿಸಿ ಎಮ್ಮೆಗಳ ಹಿಂದೆ ಕಳಿಸಿದರು, ಗಂಡುಮಗ ಓದಬೇಕಲ್ಲ! ಗಂಡುಮಗನಿಗೆ ಪುಸ್ತಕ ಕಂಡರೆ ಜ್ವರ ಬರುತ್ತಿತ್ತು. ಸಂಜೆ ಹೊಲಕ್ಕೆ ಬಂದು ಚೀಲ ಒಗೆದು ಅಳುತ್ತಿದ್ದ. ಮೀರಾಬಾಯಿ ಅವನ ಪುಸ್ತಕ ತಾನು ಓದಿಕೊಂಡು, ಪಾಠವನ್ನೆಲ್ಲ ಕಥೆ ಮಾಡಿ ಹೇಳುತ್ತಿದ್ದಳು. ಯುದ್ಧದ ಕಥೆ, ಮಳೆ ಬರುವ ಕಥೆ, ಹೃದಯದಿಂದ ಹೊರಟ ರಕ್ತ ಊರೆಲ್ಲ ಸುತ್ತಿ ಮನೆಗೆ ಬರುವ ಕಥೆ. ಅವನು ಹೂಂ, ಹೂಂ ಅನ್ನುತ್ತ ಕೂಡಬೇಕು.

ನಮ್ಮ ಕಡೆ ಕಥೆಗೆ ಅದೊಂದು ಕಟ್ಟಳೆ ಇದೆ. ಹೇಳುವವರ ಎದುರು ಒಬ್ಬರು ಹೂಂ ಅನ್ನಲೇಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು, ಎಲ್ಲಿ ಹೂಂ ತಪ್ಪಿತೋ ಅಲ್ಲಿಗೆ ಹಿಂದಕ್ಕೆ ಹೋಗಿ ಮತ್ತೆ ಹೇಳಬೇಕು. ಬಕ್ಕಪ್ಪ ತೂಕಡಿಸಿದಾಗೆಲ್ಲ ಹೂಂ ತಪ್ಪುತ್ತಿತ್ತು, ಅಕ್ಕ ಹಿಂದಕ್ಕೆ ಹೋಗುತ್ತಿದ್ದಳು. ಹೀಗೆ ಎಳೆದು ಎಳೆದು ಅವನನ್ನು ಎಸ್ಸೆಸ್ಸೆಲ್ಸಿ ದಾಟಿಸಿದಳು. ಅಲ್ಲಿಯವರೆಗೆ ಅವಳ ಮದುವೆಯನ್ನೂ ಮಾಡಲಿಲ್ಲ. ಮಾಡಿದ್ದರೆ ಅಂತರಾತ್ಮವನ್ನು ಎಲ್ಲಿಂದ ತರಬೇಕಿತ್ತು? ಆಮೇಲೆ ಹಳ್ಳಿಖೇಡಕ್ಕೆ ಕೊಟ್ಟರು, ಮೂರೇ ವರ್ಷಕ್ಕೆ ಗಂಡ ತೀರಿಕೊಂಡ, ತಮ್ಮನ ಮನೆಗೆ ಬಂದಳು. ನಲವತ್ತು ವರ್ಷದಿಂದ ಅಲ್ಲೇ ರೊಟ್ಟಿ ಬಡಿಯುತ್ತಿದ್ದಾಳೆ. ಮನೆಯ ಸೊಸೆಯಂದಿರು ಬ್ಯಾಂಕಿನ ಕಾಗದ ಬಂದರೆ, "ಅತ್ಯಾ, ಹೆಬ್ಬೆಟ್ಟು ಒತ್ರಿ" ಎಂದು ಮಸಿ ಡಬ್ಬಿ ಮುಂದಿಡುತ್ತಾರಂತೆ.

"ನೀವು ಒತ್ತತೀರೇನು?" ಎಂದು ಕೇಳಿದೆ.

"ಅವರೇ ಡಬ್ಬಿ ತೆರೆದು ಹಿಡಿದಿರ್ತಾರ. ಏನಂತ ಹೇಳಬೇಕವ್ವಾ?" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸ್ವಂತ ಅಮ್ಮಿಗೂ ಇದೇ ಡಬ್ಬಿ ಹಿಡಿದಿದ್ದರು, ಅವಳಿಗೆ ಉರ್ದು ಓದು ಬರಹ ಸರಾಗ ಬರುತ್ತಿತ್ತು.

ಫೋನಿನಲ್ಲಿ ಸಾಹುಕಾರರಿಗೆ ಹೇಳಿಯೇಬಿಟ್ಟೆ. "ನಾಕನೇ ಅಧ್ಯಾಯದಾಗ ಒಂದು ಸಾಲು ತಪ್ಪದರೀ. ಮೊದಲ ಕಲಿತವರು ನಿಮ್ಮ ಅಕ್ಕ ಅಂತ."

ಅವರು ನಕ್ಕರು. "ಅದು ಎಲ್ಲಾ ಖರೇ ಇರಬಹುದು ಬೇಟಿ. ಆದ್ರ ಪ್ರೇರಣಾ ಆಗಬೇಕಂದ್ರ ಮನುಷ್ಯಾ ಒಬ್ಬನೇ ಮ್ಯಾಲ ಬರಬೇಕು. ಇಬ್ಬರು ಬಂದ್ರ ಓದೋರಿಗೆ ಗಡಬಡ ಆಗ್ತದ. ನೀ ಇದ್ದಂಗ ಛಾಪಿಸು."

ಛಾಪಿಸಿದೆ. ಗಿರಾಕಿ ದೇವರು, ನಾನು ಬರೀ ಟೈಪಿಸ್ಟು.

ಬಿಡುಗಡೆ ಕಲ್ಯಾಣದ ಒಂದು ಫಂಕ್ಷನ್ ಹಾಲಿನಲ್ಲಿ. ಸಾಹುಕಾರರ ಮುಖ ಎಂಟಡಿ ಫ್ಲೆಕ್ಸಿನಲ್ಲಿ, ಕೆಳಗೆ 'ಪ್ರೇರಣಾಮೂರ್ತಿ'. ಹಾರ ಹಾಕಿಸಿಕೊಳ್ಳುವುದರಲ್ಲೇ ಒಂದು ತಾಸು ಹೋಯಿತು. ಆಮೇಲೆ ಸಾಹುಕಾರರಿಗೆ ಒಂದು ಹುಕಿ ಬಂತು. ತಮ್ಮ ಪುಸ್ತಕವನ್ನು ತಾವೇ ಹಳ್ಳಿ ಪದ್ಧತಿಯಂತೆ ಓದುತ್ತಾರಂತೆ, ಎದುರಿಗೆ ಹೂಂ ಅನ್ನಲು ಹಿರಿಯ ಅಕ್ಕನೇ ಕೂಡಬೇಕಂತೆ. ಜಾನಪದ ಅಂದರೆ ಈಗ ಬಹಳ ಬೆಲೆ ಅಲ್ಲವೇ? ಮೀರಾಬಾಯಿಯನ್ನು ವೇದಿಕೆಗೆ ಕರೆತಂದು ಕೈಗೆ ಒಂದು ಮೈಕು ಕೊಟ್ಟರು.

"ಬೇಮಳಖೇಡದ ಬಡ ಮನೆಯಲ್ಲಿ ಹುಟ್ಟಿದೆ."

"ಹೂಂ," ಅಂದಳು ಮೀರಾಬಾಯಿ.

"ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತಿಗಿಲ್ಲ."

"ಹೂಂ."

ಜನ ಖುಷಿಪಟ್ಟರು, ಮೊಬೈಲ್ ಮೇಲೆತ್ತಿದರು. ಸಾಹುಕಾರರ ದನಿ ಏರುತ್ತ ಹೋಯಿತು. ನಾಲ್ಕನೇ ಅಧ್ಯಾಯ ಬಂತು.

"ನಮ್ಮ ಮನೆಯಲ್ಲಿ ಅಕ್ಷರದ ಮುಖ ಕಂಡ ಮೊದಲಿಗ ನಾನೇ."

ಹೂಂ ಬರಲಿಲ್ಲ.

ಮೈಕು ಕೆಟ್ಟಿತೆಂದು ಯಾರೋ ಓಡಿಬಂದು ಅದನ್ನು ತಟ್ಟಿ ನೋಡಿದರು. ಮೈಕು ಸರಿಯಿತ್ತು. ಸಾಹುಕಾರರು ಸಾಲನ್ನು ಇನ್ನೊಮ್ಮೆ ಓದಿದರು, ಜೋರಾಗಿ. ಹೂಂ ಇಲ್ಲ. ಮುಖ್ಯ ಅತಿಥಿ ಪಾಪ, ಕಾರ್ಯಕ್ರಮ ಉಳಿಸಲು ತಾವೇ "ಹೂಂ ಹೂಂ" ಅಂದುಬಿಟ್ಟರು. ಮೀರಾಬಾಯಿ ಅವರ ಕಡೆ ತಿರುಗಿ, "ನೀವು ಅಲ್ಲಿ ಇರಲಿಲ್ರಿ ಯಪ್ಪಾ," ಎಂದಳು, ಬಹಳ ಮರ್ಯಾದೆಯಿಂದ.

ಎಷ್ಟು ಬೆಲೆಬಾಳುವ ಶಾಲು ಹೊದ್ದಿದ್ದರೂ ಬಕ್ಕಪ್ಪನ ಕಿವಿ ಅದೇ ಹಳೆಯ ಕಿವಿ. ಹೂಂ ತಪ್ಪಿದರೆ ಹಿಂದಕ್ಕೆ ಹೋಗಬೇಕು ಎಂಬುದು ಅದಕ್ಕೆ ಎಂಟನೇ ವಯಸ್ಸಿನಿಂದ ಗೊತ್ತು. ಅವರು ಅಕ್ಕನ ಮುಖ ನೋಡಿದರು, ಪುಸ್ತಕ ನೋಡಿದರು. ಹಣೆ ಒರೆಸಿಕೊಂಡರು. ಪುಸ್ತಕ ಮುಚ್ಚಿದರು.

"ನಮ್ಮ ಮನ್ಯಾಗ..." ಎಂದು ನಿಂತರು. "ನಮ್ಮ ಮನ್ಯಾಗ ಮೊದಲ ಸಾಲಿ ಕಲತಾಕಿ ನಮ್ಮ ಅಕ್ಕ."

"ಹೂಂ," ಅಂದಳು ಮೀರಾಬಾಯಿ.

"ಏಳನೇ ಇಯತ್ತೆ ಪಾಸಾಗ್ಯಾಳ."

ಮೀರಾಬಾಯಿ ಸುಮ್ಮನೆ ನೋಡಿದಳು.

"ಪಹಿಲಾ ನಂಬರ್," ಎಂದು ಸೇರಿಸಿದರು ಸಾಹುಕಾರರು, ಬೈಸಿಕೊಂಡ ಹುಡುಗನ ಹಾಗೆ.

"ಹೂಂ."

ಪುಸ್ತಕ ಮತ್ತೆ ತೆರೆಯಲಿಲ್ಲ. ಎಮ್ಮೆ, ಹೊಲ, ರಕ್ತ ಊರು ಸುತ್ತುವ ಕಥೆ ಎಲ್ಲ ಹೊರಬಂತು. ನನ್ನ ಅಂಗಡಿಗೆ ಮೂರು ನೋಟುಬುಕ್ಕು ಹೊತ್ತು ತಂದ ಮನುಷ್ಯ ಅಂದು ಮೊದಲ ಸಲ ಒಂದು ಕಥೆ ಹೇಳಿದ. ಅಡುಗೆಯವರು ಎರಡು ಸಲ ಬಂದು ಅನ್ನ ಆರುತ್ತಿದೆ ಎಂದು ಸನ್ನೆ ಮಾಡಿದರೂ ಯಾರೂ ಏಳಲಿಲ್ಲ. ಪ್ರೇರಣೆಯೋ ಪಾರಣೆಯೋ ನನಗೆ ಗೊತ್ತಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಸಾಹುಕಾರರ ಹಿರಿಯ ಸೊಸೆ ರೂಪಾಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮಸಿ ಡಬ್ಬಿ ಹಿಡಿಯುತ್ತಿದ್ದದ್ದು ಅವಳೇ.

ಆದರೆ ಮುನ್ನೂರು ಪ್ರತಿ ಅಚ್ಚಾಗಿತ್ತಲ್ಲ! ಒಂದನ್ನೂ ಹಂಚದೆ ಎಲ್ಲವನ್ನೂ ಟೆಂಪೋದಲ್ಲಿ ಹಾಕಿ ನನ್ನ ಅಂಗಡಿಗೆ ವಾಪಸ್ ಕಳಿಸಿದರು. ಆ ಸಾಲಿನ ಮೇಲೆ ಅಂಟಿಸಲು ಸಣ್ಣ ಚೀಟಿ ಮಾಡಿಕೊಡು ಎಂದು ಫೋನ್ ಬಂತು. ಮರುದಿನ ಬೆಳಗಿನ ಬಸ್ಸಿಗೆ ಮೀರಾಬಾಯಿ ಬಂದಳು, ಚೀಲದಲ್ಲಿ ಗೋಂದಿನ ಬಾಟಲಿ, ಎರಡು ರೊಟ್ಟಿ, ಶೇಂಗಾ ಹಿಂಡಿ. ಅಂಟಿಸುವ ಕೆಲಸ ತಾನೇ ಮಾಡುತ್ತೇನೆ ಎಂದು ಹಟ ಹಿಡಿದು ನೆಲಕ್ಕೆ ಕೂತಳು.

ಚೀಟಿಯಲ್ಲಿ ಒಂದೇ ಸಾಲು. 'ನಮ್ಮ ಮನೆಯಲ್ಲಿ ಮೊದಲು ಶಾಲೆ ಕಲಿತವಳು ನನ್ನ ಅಕ್ಕ ಮೀರಾಬಾಯಿ.' ಆಕೆ ಒಂದೊಂದು ಚೀಟಿಯನ್ನೂ ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು, ತುಟಿಯಲ್ಲೇ ಓದಿ, ಆಮೇಲೆ ಅಂಟಿಸುತ್ತಿದ್ದಳು. ಐವತ್ತರವರೆಗೆ ತಡೆದುಕೊಂಡೆ.

"ಎಲ್ಲಾ ಒಂದೇ ಅದರೀ ಆಯಿ, ನಾನೇ ಟೈಪ್ ಮಾಡೀನಿ. ಪ್ರತಿಯೊಂದು ಯಾಕ ಓದ್ತೀರಿ?" ಎಂದೆ.

ಆಕೆ ತಲೆ ಎತ್ತಲಿಲ್ಲ. ಮುಂದಿನ ಚೀಟಿ ಕೈಗೆತ್ತಿಕೊಂಡಳು.

"ಓದಾಕ ಬರ್ತದವ್ವಾ," ಅಂದಳು. "ಓದಾಕತ್ತೀನಿ."