ನಾನು ಕೊಟ್ಟ ಗೋತ್ರ

ಪುಸ್ತಕ ಓದಿಯೇ ಪ್ರೋಗ್ರಾಮಿಂಗ್ ಕಲಿತವಳು ನಾನು. ತಿ. ನರಸೀಪುರದ ಒಂದು ದೇವಸ್ಥಾನಕ್ಕೆ ಅರ್ಚನೆ ಚೀಟಿಯ ಪ್ರೋಗ್ರಾಂ ಬರೆದುಕೊಟ್ಟೆ. ಭಕ್ತರು ಗೋತ್ರ ಹೇಳದಿದ್ದರೆ ಅದು ನಿಂತುಬಿಡುತ್ತಿತ್ತು.

“ಗೊತ್ತಿಲ್ಲದವರಿಗೆ ನಾವು ಕಾಶ್ಯಪ ಅಂತೀವಮ್ಮ,” ಎಂದರು ಅರ್ಚಕರು. ಗೋತ್ರ ಹೇಳದಿದ್ದರೆ ತಾನಾಗಿಯೇ ಅದು ಬರುವಂತೆ ಡೀಫಾಲ್ಟ್ ಮಾಡಿದೆ.

ಅವತ್ತೇ ಮೂಗೂರಿನವರೊಬ್ಬರು ಮದುವೆ ನಿಶ್ಚಯವಾದ ಹುಡುಗ ಹುಡುಗಿಯನ್ನು ಕರೆತಂದರು. ಇಬ್ಬರ ಗೋತ್ರವನ್ನೂ ಯಾರೂ ಹೇಳಲಿಲ್ಲ. ಜೊತೆಗೆ ಬಂದಿದ್ದ ಹುಡುಗನ ಅಜ್ಜಿ ಚೀಟಿ ಓದಿ, “ಇಬ್ರದೂ ಒಂದೇ ಗೋತ್ರ! ಅಣ್ಣ ತಂಗಿ ಆಯ್ತಾರೆ, ಈ ಮದ್ವೆ ಬ್ಯಾಡ,” ಎಂದು ಎದ್ದರು. ಹುಡುಗಿಯ ಕಣ್ಣು ತುಂಬಿತು.

“ಅದು ನಿಮ್ಮ ಗೋತ್ರವಲ್ಲ ಅಜ್ಜಿ, ನಾನು ಹಾಕಿದ್ದು.”

“ಅಂಗಾರೆ ನಮ್ಮುಡ್ಗಂಗೆ ಬೇರೆ ಒಂದ್ ಆಕ್ಕೊಡವ್ವ!”

ನಾನು ಒಪ್ಪಲಿಲ್ಲ. ಗೋತ್ರ ಹೇಳದಿದ್ದರೆ ಆ ಜಾಗ ಖಾಲಿಯೇ ಇರುವಂತೆ ತಿದ್ದಿ ಹೊಸ ಚೀಟಿ ಕೊಟ್ಟೆ. ಅಜ್ಜಿ ಸಮಾಧಾನವಾಗಿ ಕೈಮುಗಿದು ನಿಂತರು.

ಒಳಗೆ ಅರ್ಚಕರು ಇಬ್ಬರಿಗೂ ಕಾಶ್ಯಪವೆಂದೇ ಸರಸರನೆ ಸಂಕಲ್ಪ ಹೇಳಿದರು. ಅವರ ಡೀಫಾಲ್ಟ್ ಬದಲಿಸುವ ಪುಸ್ತಕ ನನಗಿನ್ನೂ ಸಿಕ್ಕಿಲ್ಲ.