ತುಂಬಿದ ಜಿಮ್ಮಿನ ಮಾಸ್ಟರು

ನನ್ನ ಹೊಲಿಗೆ ಅಂಗಡಿಯ ಮೇಲಿನ ಹಾಲ್‌ನಲ್ಲಿ ಜಿಮ್ಮು ನಡೆಸುತ್ತಿದ್ದವರನ್ನು ಎಲ್ಲರೂ ಮಾಸ್ಟರು ಅಂತಲೇ ಕರೆಯುತ್ತಿದ್ದರು, ಅವರ ಹೆಂಡತಿಯನ್ನೂ ಸೇರಿಸಿ. ಮೊದಮೊದಲು ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಮೇಲೆ ಯಾರಾದರೂ ಭಾರ ಎತ್ತಿ ಧೊಪ್ಪೆಂದು ಬಿಟ್ಟರೆ ಕೆಳಗೆ ನನ್ನ ಮೆಷಿನ್ನಿನ ಸೂಜಿ ಎಗರುತ್ತಿತ್ತು. ಆ ದಿನಗಳಲ್ಲಿ ನಾನು ಹೊಲಿದ ಪ್ಯಾಂಟುಗಳಲ್ಲಿ ಹೊಲಿಗೆ ಸೊಟ್ಟ ಇದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಒಂದು ದಿನ ಸಿಟ್ಟು ನೆತ್ತಿಗೇರಿ ಜಗಳಕ್ಕೆಂದೇ ಮೆಟ್ಟಿಲು ಹತ್ತಿದೆ. ಬಾಯಿ ತೆರೆಯುವ ಮೊದಲೇ ಅವರು ನನ್ನ ಎರಡೂ ಭುಜ ಹಿಡಿದು ಗೋಡೆಗೆ ಒರಗಿಸಿ ನಿಲ್ಲಿಸಿದರು.

"ಕೂತು ಕೂತು ಬೆನ್ನು ಹೇಗೆ ಬಾಗಿದೆ ನೋಡಿ ಟೈಲರ್ರೇ. ತಲೆ ಗೋಡೆಗೆ ತಾಗಿಸಿ. ಹಾಗೇ ಇರಿ."

ಜಗಳ ಎಲ್ಲಿ ಹೋಯಿತೋ ಗೊತ್ತಿಲ್ಲ, ಬೆನ್ನು ಹಗುರ ಮಾಡಿಕೊಂಡು ಕೆಳಗಿಳಿದೆ. ಮುಂದಿನ ವಾರವೇ ಅವರು ಹಾಲ್‌ಗೆಲ್ಲ ದಪ್ಪ ರಬ್ಬರ್ ಹಾಸು ಹಾಕಿಸಿದರು, ನನ್ನ ಸೂಜಿ ಎಗರದಿರಲಿ ಅಂತ. ತಮ್ಮದಲ್ಲದ ಕಟ್ಟಡದ ನೆಲಕ್ಕೆ ಕೈಯಿಂದ ಅಷ್ಟು ದುಡ್ಡು ಸುರಿದವರು ಎಂಥ ವ್ಯಾಪಾರಿ ಅನ್ನುವುದು ನನಗೆ ಅವತ್ತೇ ಹೊಳೆಯಬೇಕಿತ್ತು.

ಜಿಮ್ಮು ತೆರೆಯುವ ಮುಂಚೆ ಅವರು ಒಂದು ಗೋದಾಮಿನಲ್ಲಿ ಮೇಸ್ತ್ರಿಯಾಗಿದ್ದರು. ಗೋದಾಮು ಮುಚ್ಚಿದಾಗ ಕೈಗೆ ಬಂದ ಇಡುಗಂಟನ್ನು ಬ್ಯಾಂಕಿನಲ್ಲಿಡೋಣ ಅಂತ ಹೆಂಡತಿ ಹೇಳಿದ್ದಳಂತೆ. ಇವರು ಅದನ್ನೆಲ್ಲ ಕಬ್ಬಿಣ ಮಾಡಿಬಿಟ್ಟರು. ಆಕೆ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ಇಡೀ ದಿನ ನಿಂತು ಕೆಲಸ ಮಾಡುವ ಹೆಂಗಸು. ಮನೆ ನಡೆಯುತ್ತಿದ್ದದ್ದು ಆಕೆಯ ಸಂಬಳದಲ್ಲಿ. ಜಿಮ್ಮಿನ ದುಡ್ಡು ಮನೆ ಸೇರಿದ್ದನ್ನು ನಾನಂತೂ ಕಾಣಲಿಲ್ಲ, ಮನೆಯ ದುಡ್ಡು ಮೆಟ್ಟಿಲು ಹತ್ತಿದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

ಅವರಿಗೊಂದು ಚಾಳಿಯಿತ್ತು. ಮಧ್ಯಾಹ್ನ ಜಿಮ್ಮು ಖಾಲಿ ಇರುವ ಹೊತ್ತಿಗೆ ಕೆಳಗಿಳಿದು ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, ಫೀಸು ಕಟ್ಟಿ ಬರದೇ ಇರುವವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡುವರು.

"ಏನ್ ಸಾರ್, ನಾಲ್ಕು ದಿನ ಆಯ್ತು, ಸುಳಿವೇ ಇಲ್ಲ? ಮಂಡಿ ನೋವಾ? ಮಂಡಿ ನೋವಿದ್ರೆ ತಾನೇ ಬರಬೇಕು. ಇಲ್ಲ ಇಲ್ಲ, ಇವತ್ತು ಸಂಜೆ ಕಾಯ್ತಿರ್ತೀನಿ."

ಅವರ ಬಾಮೈದ, ಹೆಂಡತಿಯ ತಮ್ಮ, ಇನ್ಶೂರೆನ್ಸ್ ಮಾರುವವನು. ಲೆಕ್ಕದಲ್ಲಿ ಚುರುಕು. ಒಂದು ಸಲ ಈ ಫೋನಿನ ಪೂಜೆ ನಡೆಯುವಾಗ ಅವನೂ ನನ್ನ ಅಂಗಡಿಯಲ್ಲಿದ್ದ. ಕೇಳಿ ಕೇಳಿ ತಲೆ ಚಚ್ಚಿಕೊಂಡ.

"ಭಾವ, ಪ್ರಪಂಚದಲ್ಲಿ ಎಲ್ಲಾ ಜಿಮ್ಮೂ ಬದುಕಿರೋದು ದುಡ್ಡು ಕಟ್ಟಿ ಬರದೇ ಇರೋರಿಂದ. ಕಟ್ಟಿದೋರೆಲ್ಲ ಬಂದ್ರೆ ನಿಲ್ಲೋಕೆ ಜಾಗ ಎಲ್ಲಿದೆ ನಿಮ್ಮತ್ರ? ನೀವು ನೋಡಿದ್ರೆ ಅವರನ್ನ ಮನೆಯಿಂದ ಎಳ್ಕೊಂಡು ಬರ್ತೀರಿ."

"ದುಡ್ಡು ಇಸ್ಕೊಂಡು ಮೈ ಸರಿ ಮಾಡ್ದೇ ಇದ್ರೆ ಅದು ಕಳ್ಳತನ ಕಣೋ," ಅಂದರು ಮಾಸ್ಟರು, ಅಂದು ಮುಂದಿನ ನಂಬರು ಒತ್ತಿದರು.

ಕಟ್ಟಡದ ಯಜಮಾನರ ಮನೆ ಹಿಂಭಾಗದಲ್ಲೇ ಇತ್ತು. ಅವರಿಗೆ ವಯಸ್ಸಾಗಿತ್ತು. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದು ಎಡ ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು, ಆದರೂ ಮನುಷ್ಯ ಹಾಸಿಗೆ ಬಿಟ್ಟು ಏಳಲಿಲ್ಲ. ಮನೆಯವರು ಇನ್ನು ಇಷ್ಟೇ ಅಂತ ಕೈ ಚೆಲ್ಲಿದ್ದರು. ಮಾಸ್ಟರು ದಿನಾ ಬೆಳಗ್ಗೆ ಮೊದಲ ಬ್ಯಾಚು ಮುಗಿಸಿ ಹಿಂದಿನ ಮನೆಗೆ ಹೋಗಿ, ಕಾಲು ಮಡಚಿಸಿ, ಚಾಚಿಸಿ, ಬೈದು, ಪುಸಲಾಯಿಸಿ, ವರ್ಷ ತುಂಬುವುದರೊಳಗೆ ಅವರನ್ನು ಕೋಲು ಹಿಡಿದು ಅಂಗಳ ಸುತ್ತುವಂತೆ ಮಾಡಿದರು. ಕಾಸು ಮುಟ್ಟಲಿಲ್ಲ. ಯಜಮಾನರು ಕಣ್ಣು ತುಂಬಿಕೊಂಡು, "ನಾನಿರೋವರೆಗೂ ಬಾಡಿಗೆ ಏರಿಸೋ ಮಾತು ಎತ್ತಲ್ಲ," ಅಂದರಂತೆ. ಅಷ್ಟು ಹೊತ್ತಿಗೆ ಬಾಡಿಗೆ ಕರಾರಿನ ಅವಧಿಯೂ ಮುಗಿದಿತ್ತು. ಹೊಸದು ಬರೆಸಿಕೊಳ್ಳಿ ಅಂದೆ. ಮಾತು ಕೊಟ್ಟಿದ್ದಾರಲ್ಲ ಅಂತ ಮಾಸ್ಟರು ನಕ್ಕುಬಿಟ್ಟರು.

ಆಮೇಲೊಂದು ದಿನ ಯಜಮಾನರು ನನ್ನ ಅಂಗಡಿಯ ಮುಂದೆ ಬಂದು ನಿಂತರು. ಕೋಲನ್ನು ನನ್ನ ಬಾಗಿಲಿಗೆ ಒರಗಿಸಿಟ್ಟು, ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು. ಬಿದ್ದ ಮೇಲೆ ಅವರು ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕತ್ತರಿ ಕೆಳಗಿಟ್ಟು ನಾನೂ ಹಿಂದೆ ಹೋದೆ. ಮೇಲೆ ಮಾಸ್ಟರು ಅವರನ್ನು ನೋಡಿದ್ದೇ ಹಿಗ್ಗಿಹೋದರು.

"ನೋಡಿದ್ರಾ ಟೈಲರ್ರೇ? ಯಾರೂ ಕೈ ಹಿಡೀಲಿಲ್ಲ, ಯಾರೂ."

ಯಜಮಾನರು ಬೆಂಚಿನ ಮೇಲೆ ಕೂತು, ಉಸಿರು ಸುಧಾರಿಸಿಕೊಂಡು, ಬಂದ ವಿಷಯ ಹೇಳಿದರು. ಈ ಹಾಲನ್ನು ಟ್ಯೂಷನ್ ನಡೆಸುವವರೊಬ್ಬರು ಕೇಳಿದ್ದಾರೆ. ಮಗ ಸೊಸೆ ಹಗಲೂ ರಾತ್ರಿ ತಲೆ ತಿನ್ನುತ್ತಿದ್ದಾರೆ. ಟ್ಯೂಷನ್ನಿನವರು ಕೊಡುವಷ್ಟನ್ನೇ ಮಾಸ್ಟರು ಕೊಟ್ಟರೆ ಸಾಕು, ಜಾಸ್ತಿ ಬೇಡ. ಅಂದರೆ ಬಾಡಿಗೆ ಈಗಿನದರ ಒಂದೂವರೆಯಷ್ಟು, ಅಡ್ವಾನ್ಸೂ ಅದೇ ಲೆಕ್ಕದಲ್ಲಿ, ತಿಂಗಳ ಕೊನೆಯೊಳಗೆ. ಆಗದಿದ್ದರೆ ಖಾಲಿ ಮಾಡಬೇಕು. ಹೇಳುವಾಗ ಅವರ ಕಣ್ಣು ಡಂಬೆಲ್ಸುಗಳ ಮೇಲಿತ್ತು.

ಮಾಸ್ಟರು ಏನಾದರೂ ಅಂದಾರು ಅಂತ ಕಾದೆ. ಕೊಟ್ಟ ಮಾತನ್ನು ಎತ್ತಿ ಮುಖಕ್ಕೆ ಹೊಡೆದ ಹಾಗೆ ಕೇಳಬೇಕಿತ್ತು. ನಾನಾಗಿದ್ದರೆ ಕೇಳುತ್ತಿದ್ದೆ. ಅವರು ಯಜಮಾನರನ್ನು ಮೆಟ್ಟಿಲವರೆಗೆ ಬಿಟ್ಟು, "ಇಳಿಯೋವಾಗ ಮೊದಲು ಎಡಗಾಲು ಇಡಿ," ಅಂದರು, ಅಷ್ಟೇ.

ಅಡ್ವಾನ್ಸಿಗೆ ದಾರಿ ತೋರಿಸಿದವನು ಬಾಮೈದ. ವರ್ಷದ ಫೀಸು ಒಂದೇ ಸಲ ಕಟ್ಟಿದರೆ ಅರ್ಧಕ್ಕೆ ಅರ್ಧ ರಿಯಾಯಿತಿ ಅಂತ ಬೋರ್ಡು ಹಾಕಿ ಅಂದ. "ಕಟ್ಟಿದ ಎರಡೇ ತಿಂಗಳಿಗೆ ಮುಕ್ಕಾಲು ಜನ ಬರೋದು ಬಿಡ್ತಾರೆ ಭಾವ. ಆ ಜಾಗಕ್ಕೆ ಹೊಸಬರನ್ನ ಹಾಕ್ಕೊಳ್ಳಿ. ತಿಂಗಳ ಬಾಡಿಗೆ ಅವರ ಫೀಸಲ್ಲಿ ನಡೆಯುತ್ತೆ." ಲೆಕ್ಕ ಸರಿಯಾಗಿಯೇ ಇತ್ತು, ಬೇರೆ ಯಾರೇ ಆಗಿದ್ದರೂ ನಡೆದುಹೋಗುತ್ತಿತ್ತು.

ಮಾಸ್ಟರ ಮೇಲೆ ಜನಕ್ಕೆ ಪ್ರೀತಿಯಿತ್ತು. ಬೋರ್ಡು ಹಾಕಿದ ವಾರದಲ್ಲೇ ಹಳಬರೆಲ್ಲ ವರ್ಷದ್ದು ಕಟ್ಟಿದರು. ಅಡ್ವಾನ್ಸು ಯಜಮಾನರ ಕೈ ಸೇರಿತು. ಅವತ್ತು ಮಾಸ್ಟರು ನನಗೆ ಟೀ ಕುಡಿಸಿ, "ಇನ್ನು ಈ ಜಾಗದಿಂದ ನನ್ನ ಯಾರೂ ಅಲ್ಲಾಡ್ಸೋಕಾಗಲ್ಲ," ಅಂದರು. ನನಗೂ ಹಾಗೇ ಅನ್ನಿಸಿತು.

ಮುಂದಿನ ತಿಂಗಳು ಫೀಸಿನ ದಿನ ಬಂತು, ಫೀಸು ಕಟ್ಟಬೇಕಾದವರು ಯಾರೂ ಉಳಿದಿರಲಿಲ್ಲ. ಎಲ್ಲರೂ ವರ್ಷಕ್ಕೆ ಕಟ್ಟಿ ಮುಗಿಸಿದ್ದರು. ಇನ್ನು ಬಾಮೈದ ಹೇಳಿದ ಹಾಗೆ ಅವರು ಬರುವುದು ಬಿಡಬೇಕಿತ್ತು. ಬಿಡಲು ಮಾಸ್ಟರು ಬಿಡಬೇಕಲ್ಲ! ಮಧ್ಯಾಹ್ನದ ಫೋನು ನಿಲ್ಲಲಿಲ್ಲ. ವರ್ಷದ ದುಡ್ಡು ಇಸಿದುಕೊಂಡಿದ್ದೇನೆ ಅನ್ನುವ ಭಯಕ್ಕೆ ಇನ್ನಷ್ಟು ಜೋರಾಯಿತು. ಜ್ವರ ಬಂದು ಮಲಗಿದವರನ್ನು ಬಿಟ್ಟರೆ ಮಿಕ್ಕವರೆಲ್ಲ ಬಂದರು. ಸಂಜೆಯಾದರೆ ಮೆಟ್ಟಿಲ ಬುಡದಲ್ಲಿ ಚಪ್ಪಲಿ ರಾಶಿ, ನನ್ನ ಗಿರಾಕಿಗಳು ದಾಟಿ ಬರಬೇಕು. ಹೊಸದಾಗಿ ಸೇರಲು ಬಂದವರು ಮೇಲೆ ಹೋಗಿ, ಇಣುಕಿ, ಈ ಜಾತ್ರೆಯಲ್ಲಿ ಯಾರು ನಿಲ್ಲುತ್ತಾರೆ ಅಂತ ಹಾಗೇ ಇಳಿದುಬಂದರು. ಹಿಂದಿನ ರಸ್ತೆಯಲ್ಲಿ ಎಸಿ ಹಾಕಿದ ಹೊಸ ಜಿಮ್ಮು ಬೇರೆ ಶುರುವಾಗಿತ್ತು. ಇಲ್ಲಿ ಟ್ರೆಡ್‌ಮಿಲ್ಲಿನ ಬೆಲ್ಟು ಹರಿಯಿತು, ಕರೆಂಟು ಬಿಲ್ಲು ಏರಿತು. ಆ ಜಿಮ್ಮು ಅಷ್ಟು ತುಂಬಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಅದು ಮುಳುಗುತ್ತಿದ್ದದ್ದೂ ಆಗಲೇ.

ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಹೇಳಿದೆ.

"ಮಾಸ್ಟ್ರೇ, ಕೈ ಮುಗೀತೀನಿ. ಒಂದೇ ಒಂದು ತಿಂಗಳು ಯಾರಿಗೂ ಫೋನ್ ಮಾಡಬೇಡಿ."

ಅವರು ಒಪ್ಪಿದರು. ಎರಡು ದಿನ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಮೂರನೆಯ ದಿನ, "ಆ ರಿಟೈರ್ಡ್ ಮೇಷ್ಟ್ರಿಗೆ ಸಕ್ಕರೆ ಕಾಯಿಲೆ ಇದೆ ಟೈಲರ್ರೇ, ಅವರಿಗೊಬ್ಬರಿಗೆ ಮಾತ್ರ," ಅಂದರು. ನನಗೆ ಮೊದಲು ನಗು ಬಂತು, ಆಮೇಲೆ ಕೆಟ್ಟ ಸಿಟ್ಟು ಬಂತು. ಮೆಷಿನ್ನು ಜೋರಾಗಿ ತುಳಿದೆ, ಅವರ ಮಾತು ಕಿವಿಗೆ ಬೀಳದಿರಲಿ ಅಂತ.

ಬಾಡಿಗೆ ಮೂರು ತಿಂಗಳು ಬಾಕಿ ಬಿತ್ತು. ಯಜಮಾನರು ಈಗ ಕೋಲಿಲ್ಲದೆಯೇ ಓಡಾಡುತ್ತಿದ್ದರು. ನನ್ನ ಅಂಗಡಿಯ ಮುಂದೆಯೇ ಮಾಸ್ಟರನ್ನು ತಡೆದು ನಿಲ್ಲಿಸಿದರು.

"ಚಪ್ಪಲಿ ಇಡೋಕೆ ಜಾಗ ಇಲ್ಲದ ಹಾಗೆ ಜನ ತುಂಬ್ಕೊಂಡಿದ್ದಾರೆ. ಕೈಯಲ್ಲಿ ದುಡ್ಡಿಲ್ಲ ಅಂತೀರಿ. ನನ್ನ ನೋಡಿದ್ರೆ ಪೆದ್ದನ ಹಾಗೆ ಕಾಣ್ತೀನಾ ಮಾಸ್ಟ್ರೇ?"

ಮಾಸ್ಟರು ವರ್ಷದ ಫೀಸಿನ ಕಥೆ ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದರು. ಯಾರು ನಂಬುತ್ತಾರೆ? ಕಣ್ಣಾರೆ ಕಾಣದಿದ್ದರೆ ನಾನೂ ನಂಬುತ್ತಿರಲಿಲ್ಲ.

ಅವತ್ತು ಸಂಜೆ ಅವರ ಹೆಂಡತಿ ಕೆಲಸ ಮುಗಿಸಿ ನೇರ ನನ್ನ ಅಂಗಡಿಗೆ ಬಂದಳು. ಒಂದು ತಿಂಗಳ ಬಾಡಿಗೆಗೆ ಔಷಧಿ ಅಂಗಡಿಯಲ್ಲಿ ಮುಂಗಡ ಕೇಳಿ ತಂದಿದ್ದಳು. "ಮುಚ್ಚಿಬಿಡಿ ಅಂತ ಹೇಳೋಣ ಅಂತಲೇ ಪ್ರತಿ ಸಲ ಮೇಲೆ ಹೋಗ್ತೀನಿ ಅಣ್ಣ," ಅಂದಳು. "ಅಲ್ಲಿ ಯಾರದೋ ಕೈ ಹಿಡ್ಕೊಂಡು ಎಣಿಸ್ತಾ ನಿಂತಿರ್ತಾರೆ. ಆ ಮುಖ ನೋಡಿದ್ರೆ ಬಾಯೇ ಬರಲ್ಲ. ನೀವು ಹೇಳಿ." ನಾನು ಸೂಜಿಗೆ ದಾರ ಪೋಣಿಸತೊಡಗಿದೆ. ಆಕೆ ಮೇಲೆ ಹೋಗಿ, ದುಡ್ಡು ಕೊಟ್ಟು ಇಳಿದುಬಂದಳು, ಮುಚ್ಚುವ ಮಾತು ಆಡದೆಯೇ.

ಕೊನೆಗೆ ಹೇಳಿದವರು ಯಜಮಾನರ ಮಗ, ವಕೀಲರ ಮೂಲಕ. ಕಷ್ಟಪಟ್ಟು ಕಟ್ಟಿದ ಅಡ್ವಾನ್ಸು ಬಾಡಿಗೆ ಬಾಕಿಗೆ ವಜಾ ಆಯಿತು, ಹಿಡಿಗಾಸೂ ವಾಪಸು ಬರಲಿಲ್ಲ. ನೆಲಕ್ಕೆ ಅಂಟಿಸಿದ ರಬ್ಬರು, ಗೋಡೆಗೆ ಅಂಟಿಸಿದ ಕನ್ನಡಿಗಳು ಕಿತ್ತರೆ ಹಾಳಾಗುತ್ತವೆ ಅಂತ ಅಲ್ಲಿಯೇ ಉಳಿದವು. ಜನ ಫೀಸು ಕಟ್ಟಿದ್ದ ವರ್ಷ ಮುಗಿಯಲು ಇನ್ನೂ ತಿಂಗಳುಗಳಿದ್ದವು. ಹೋಗಲಿ ಬಿಡಿ ಮಾಸ್ಟ್ರೇ ಅಂದವರು ಕೆಲವರು. ಉಳಿದ ತಿಂಗಳ ದುಡ್ಡು ವಾಪಸು ಕೊಡಿ ಅಂದವರು ಹಲವರು. ದಿನಾ ಫೋನು ಮಾಡಿ ಕರೆಸಿ ಯಾರ ಹೊಟ್ಟೆ ಕರಗಿಸಿದ್ದರೋ ಅವನೇ ಎಲ್ಲರ ಮುಂದೆ ಮೋಸ ಅನ್ನುವ ಮಾತಾಡಿದ. ಅವನ ಪ್ಯಾಂಟಿನ ಸೊಂಟ ಎರಡು ಸಲ ಚಿಕ್ಕದು ಮಾಡಿಕೊಟ್ಟವನು ನಾನು. ಕೈ ತುರಿಸಿತು, ಮಾಸ್ಟರು ಕಣ್ಣಲ್ಲೇ ಬೇಡ ಅಂದರು.

ವಾಪಸು ಕೊಡಲೆಂದೇ ಕಬ್ಬಿಣವನ್ನೆಲ್ಲ ಮಾರಿದರು. ಎಸಿ ಜಿಮ್ಮಿನವರು ಬಂದು ನೋಡಿ ಹಳೇ ಮಾಲು ಅಂತ ಮುಖ ತಿರುಗಿಸಿದರು. ಅವರಲ್ಲೇ ಕೆಲಸ ಕೇಳಿದ್ದಕ್ಕೆ ವಯಸ್ಸಾಯಿತು ಅಂದರಂತೆ. ಉಳಿದವನು ಗುಜರಿಯವನೊಬ್ಬನೇ. ಅವನ ಗಾಡಿ ಬರುವ ಬೆಳಗ್ಗೆ ಮಾಸ್ಟರು ಮೆಷಿನ್ನುಗಳ ಕೀಲಿಗೆಲ್ಲ ಎಣ್ಣೆ ಬಿಡುತ್ತಿದ್ದರು.

"ಕರಗಿಸೋಕೆ ಹೋಗೋದಕ್ಕೆ ಎಣ್ಣೆ ಯಾಕೆ?" ಅಂತ ಬೈದೆ.

"ಎತ್ತೋವಾಗ ಕಿರ್ ಅನ್ನುತ್ತೆ ಟೈಲರ್ರೇ, ಕೇಳೋಕಾಗಲ್ಲ."

ಈಗ ಮೇಲೆ ಟ್ಯೂಷನ್ ನಡೆಯುತ್ತದೆ. ಸದ್ದಿಲ್ಲ, ಹೊಲಿಗೆ ನೇರ ಬರುತ್ತದೆ, ಅಂಗಡಿಗೆ ಬರಲು ಮಾತ್ರ ಬೇಜಾರು.

ಮೊನ್ನೆ ಮಾಸ್ಟರು ಒಂದು ಪ್ಲಾಸ್ಟಿಕ್ ಕವರು ಹಿಡಿದು ಬಂದರು. ಎಟಿಎಂ ಒಂದಕ್ಕೆ ಕಾವಲಿನ ಕೆಲಸ ಸಿಕ್ಕಿದೆಯಂತೆ, ಏಜೆನ್ಸಿಯವರು ಯೂನಿಫಾರ್ಮು ಕೊಟ್ಟಿದ್ದಾರೆ, ಪ್ಯಾಂಟು ಉದ್ದವಾಗಿದೆ. ಅಂಗಿಯನ್ನೂ ಹಾಕಿ ತೋರಿಸಿ ಅಂದೆ. ಎದೆಯ ಹತ್ತಿರ ಗುಂಡಿ ಕೂಡುತ್ತಲೇ ಇರಲಿಲ್ಲ. ಎಳೆದು ಕೂಡಿಸಿದರೆ ಬಟ್ಟೆ ಹರಿಯುವಂತಿತ್ತು. ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ.

"ಪಕ್ಕದ ಹೊಲಿಗೆ ಬಿಚ್ಚಿ ಪಟ್ಟಿ ಕೊಡ್ತೀನಿ, ಎದೆ ಸಡಿಲ ಆಗುತ್ತೆ."

"ಅದೆಲ್ಲ ಬೇಡ. ಪ್ಯಾಂಟೊಂದು ಮಾಡಿ ಸಾಕು."

"ಉಸಿರಾಡೋದು ಬೇಡ್ವಾ ಮಾಸ್ಟ್ರೇ?"

"ದಿನಾ ಹನ್ನೆರಡು ಗಂಟೆ ಕುರ್ಚಿ ಮೇಲೆ ಕೂರೋ ಕೆಲಸ," ಅಂದರು, ಜಿಮ್ಮಿಗೆ ಸೇರಲು ಬಂದವರಿಗೆ ಹೇಳುತ್ತಿದ್ದರಲ್ಲ, ಅದೇ ಸಮಾಧಾನದ ದನಿಯಲ್ಲಿ. "ನಾಲ್ಕೈದು ತಿಂಗಳು. ಭಾರ ಎತ್ತದಿದ್ರೆ ಮೈ ಇಳಿದು ಅಂಗಿಗೆ ಸರಿ ಹೋಗುತ್ತೆ."

ಮೈಯ ವಿಷಯದಲ್ಲಿ ಅವರ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಪ್ಯಾಂಟಿನ ಉದ್ದ ಅಳೆದುಕೊಂಡೆ.